ಪಾಸ್‌ವರ್ಡ್ ತಿಜೋರಿ: ಕ್ಲೌಡ್‌ನಲ್ಲಿರಬೇಕೋ, ಪೆನ್‌ಡ್ರೈವ್‌ನಲ್ಲಿರಬೇಕೋ?

ಪ್ರಶ್ನೆ: ನಾನು ವಿಜಯಪುರದಲ್ಲಿ ಹದಿನೆಂಟು ವರ್ಷಗಳಿಂದ ತೆರಿಗೆ ಸಲಹೆಗಾರನಾಗಿದ್ದೇನೆ. ಕಚೇರಿಯಲ್ಲಿ ಇಬ್ಬರು ಸಹಾಯಕರಿದ್ದಾರೆ. ಒಣದ್ರಾಕ್ಷಿ ವ್ಯಾಪಾರಿಗಳು, ಬಟ್ಟೆ ಅಂಗಡಿಯವರು, ಗುತ್ತಿಗೆದಾರರು ಸೇರಿ ಸುಮಾರು 140 ಪಾರ್ಟಿಗಳ ಜಿಎಸ್‌ಟಿ, ಆದಾಯ ತೆರಿಗೆ ಮತ್ತು ಇ-ವೇ ಬಿಲ್ ಪಾಸ್‌ವರ್ಡ್‌ಗಳು ನನ್ನ ಬಳಿ ಇವೆ. ಮೊದಲು ಎಕ್ಸೆಲ್‌ನಲ್ಲಿದ್ದವು, ಎರಡು ವರ್ಷಗಳ ಹಿಂದೆ ಕ್ಲೌಡ್‌ನಲ್ಲಿ ಇಡುವ ಒಂದು ಪಾಸ್‌ವರ್ಡ್ ಮ್ಯಾನೇಜರ್‌ಗೆ ಸೇರಿಸಿದೆ. ಕಳೆದ ಬೇಸಿಗೆಯಲ್ಲಿ ರಿಟರ್ನ್ ಸಲ್ಲಿಸುವ ಕೊನೆಯ ದಿನವೇ ಕಚೇರಿಯ ಇಂಟರ್‌ನೆಟ್ ಹೋಯಿತು. ಮಿತ್ರರೊಬ್ಬರ ಕಚೇರಿಗೆ ಹೋಗಿ ಅಲ್ಲಿನ ಕಂಪ್ಯೂಟರ್‌ನಲ್ಲಿ ಲಾಗಿನ್ ಆಗಲು ನೋಡಿದರೆ, ಹೊಸ ಕಂಪ್ಯೂಟರ್ ಎಂದು ಇ-ಮೇಲ್‌ಗೆ ಕೋಡ್ ಕಳುಹಿಸಿತು. ಇ-ಮೇಲ್‌ನ ಪಾಸ್‌ವರ್ಡ್ ಇದ್ದದ್ದು ಅದೇ ಮ್ಯಾನೇಜರ್‌ನ ಒಳಗೆ. ಫೋನನ್ನು ದುರಸ್ತಿಗೆ ಕೊಟ್ಟಿದ್ದೆ. ಹನ್ನೊಂದು ಪಾರ್ಟಿಗಳ ರಿಟರ್ನ್ ತಡವಾಯಿತು. ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಸೋದರಳಿಯ, ‘ಕ್ಲೌಡ್ ಕಂಪನಿಗಳೇ ಹ್ಯಾಕ್ ಆಗಿವೆ ಮಾಮಾ, ಎಲ್ಲವನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಂಡು ಅಲ್ಲಿಂದ ಅಳಿಸಿಬಿಡು’ ಎನ್ನುತ್ತಾನೆ. ಪೆನ್‌ಡ್ರೈವ್ ಕೆಟ್ಟರೆ ಏನು ಗತಿ ಎಂಬುದಕ್ಕೆ ಅವನಲ್ಲಿಯೂ ಉತ್ತರವಿಲ್ಲ. ನನ್ನಂಥವನಿಗೆ ಯಾವುದು ಸರಿ?

ಉತ್ತರ: ನಿಮ್ಮ ಸೋದರಳಿಯ ಹೇಳುತ್ತಿರುವುದು ಕಳ್ಳತನದ ಭಯ. ಆ ದಿನ ನಿಮಗೆ ಆದದ್ದು ಬೇರೆ: ನಿಮ್ಮದೇ ತಿಜೋರಿಯ ಮುಂದೆ ಕೀಲಿಕೈ ಇಲ್ಲದೆ ನಿಂತಿರಿ. ಈ ಎರಡು ಅಪಾಯಗಳ ಮದ್ದು ಒಂದೇ ಅಲ್ಲ, ಮತ್ತು ಒಂದಕ್ಕೆ ಕೊಡುವ ಮದ್ದು ಇನ್ನೊಂದನ್ನು ಹೆಚ್ಚಿಸುವುದೂ ಉಂಟು. ಹೆಚ್ಚು ಕಡೆ ಪ್ರತಿ ಇಟ್ಟಷ್ಟೂ ಕಳೆದುಕೊಳ್ಳುವ ಭಯ ಕಡಿಮೆಯಾಗುತ್ತದೆ, ಕಳುವಾಗುವ ಭಯ ಹೆಚ್ಚುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸಣ್ಣ ಕಚೇರಿಗಳ ಕಂಪ್ಯೂಟರ್ ಸುರಕ್ಷತೆ ನೋಡುವುದು ನನ್ನ ಕಸುಬು. ಹಾಗೆ ಓಡಾಡಿ ಕಂಡದ್ದನ್ನು ಹೇಳುವುದಾದರೆ, ಪಾಸ್‌ವರ್ಡ್ ಕಳುವಾಗಿ ಕಷ್ಟಕ್ಕೆ ಬಿದ್ದವರಿಗಿಂತ ತಮ್ಮ ಕೈಯಾರೆ ಕಳೆದುಕೊಂಡವರೇ ಜಾಸ್ತಿ. ಆದರೂ ಕಳ್ಳತನದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಸೋದರಳಿಯನ ಮಾತಿನಲ್ಲಿ ಅರ್ಧ ಸತ್ಯವಿದೆ.

ಅವನು ನೆನೆಯುತ್ತಿರುವುದು ಬಹುಶಃ ಲಾಸ್ಟ್‌ಪಾಸ್ ಎಂಬ ಪಾಸ್‌ವರ್ಡ್ ಮ್ಯಾನೇಜರ್ ಕಂಪನಿಯ 2022ರ ಪ್ರಕರಣವನ್ನು. ಆ ವರ್ಷದ ಆಗಸ್ಟ್‌ನಲ್ಲಿ ಕಂಪನಿಯ ತಂತ್ರಾಂಶ ವಿಭಾಗಕ್ಕೆ ನುಗ್ಗಿದವರು, ಅಲ್ಲಿ ಸಿಕ್ಕ ಮಾಹಿತಿಯನ್ನೇ ಹಿಡಿದು ಮುಂದೆ ಕ್ಲೌಡ್ ಸಂಗ್ರಹದವರೆಗೆ ಹೋಗಿ, ಗ್ರಾಹಕರ ತಿಜೋರಿಗಳ ಬ್ಯಾಕಪ್ ಪ್ರತಿಯನ್ನೇ ಎತ್ತಿಕೊಂಡು ಹೋದರು. ಇದನ್ನು ಕಂಪನಿಯೇ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ತಿಜೋರಿಗಳ ಒಳಗಿದ್ದ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್‌ಗಳು ಎನ್‌ಕ್ರಿಪ್ಟ್ ಆಗಿದ್ದವು, ಅಂದರೆ ಕೀಲಿಕೈ ಇಲ್ಲದೆ ಓದಲಾಗದ ಗೂಢಲಿಪಿಯಲ್ಲಿದ್ದವು. ಆದರೆ ಯಾವ ಜಾಲತಾಣಗಳಿಗೆ ಸೇರಿದವು ಎಂಬ ವಿಳಾಸಗಳು ಹಾಗೇ ಓದಲು ಸಿಗುವಂತಿದ್ದವು. ಇಡೀ ತಿಜೋರಿಯನ್ನು ತೆರೆಯುವ ಮಾಸ್ಟರ್ ಪಾಸ್‌ವರ್ಡ್ ಕಂಪನಿಯ ಬಳಿಯೇ ಇರಲಿಲ್ಲವಾದ್ದರಿಂದ ಕಳ್ಳರಿಗೂ ಸಿಗಲಿಲ್ಲ. ಅವರಿಗೆ ಸಿಕ್ಕದ್ದು ಬಿಡುವು: ಪ್ರತಿಯನ್ನು ತಮ್ಮ ಯಂತ್ರದಲ್ಲಿಟ್ಟುಕೊಂಡು, ಯಾರ ಅಡ್ಡಿಯೂ ಇಲ್ಲದೆ, ಒಂದೊಂದೇ ಪಾಸ್‌ವರ್ಡ್ ಹಾಕಿ ನೋಡುತ್ತ ಕೂರುವ ಬಿಡುವು.

ಹಾಗೆ ಹಾಕಿ ನೋಡುವುದನ್ನು ನಿಧಾನಗೊಳಿಸಲೆಂದೇ ಪ್ರತಿ ಮ್ಯಾನೇಜರ್ ಮಾಸ್ಟರ್ ಪಾಸ್‌ವರ್ಡನ್ನು ಸಾವಿರಾರು, ಲಕ್ಷಾಂತರ ಸಲ ಗಣಿತದ ಗಾಣಕ್ಕೆ ಹಾಕಿ ಅರೆದು, ಆಮೇಲೆ ಬಂದದ್ದನ್ನೇ ಕೀಲಿಕೈಯಾಗಿ ಬಳಸುತ್ತದೆ. ಲಾಸ್ಟ್‌ಪಾಸ್‌ನ ಹೊಸ ಖಾತೆಗಳಲ್ಲಿ ಈ ಸುತ್ತುಗಳ ಸಂಖ್ಯೆ 1,00,100 ಇತ್ತು; ಹಳೆಯ ಕೆಲವು ಖಾತೆಗಳಲ್ಲಿ 5,000 ಮಾತ್ರ, ಕೆಲವದರಲ್ಲಿ ಅದಕ್ಕಿಂತಲೂ ಕಡಿಮೆ ಉಳಿದುಬಿಟ್ಟಿತ್ತು. ಇಂದು ಅದೇ ವಿಧಾನಕ್ಕೆ 6 ಲಕ್ಷ ಸುತ್ತು ಬೇಕು ಎಂಬುದು ಸಾಮಾನ್ಯ ಶಿಫಾರಸು. ಅದಕ್ಕಿಂತ ಹೊಸದಾದ ಆರ್ಗಾನ್2 ಎಂಬ ವಿಧಾನ, 2015ರಲ್ಲಿ ಇದಕ್ಕೆಂದೇ ನಡೆದ ಸ್ಪರ್ಧೆಯಲ್ಲಿ ಗೆದ್ದದ್ದು, ಲೆಕ್ಕದ ಜತೆಗೆ ಸಾಕಷ್ಟು ಮೆಮೊರಿಯನ್ನೂ ಬೇಡುವುದರಿಂದ ಗ್ರಾಫಿಕ್ಸ್ ಕಾರ್ಡುಗಳ ಸಾಲು ಜೋಡಿಸಿ ಊಹಿಸುವವರಿಗೆ ದುಬಾರಿಯಾಗುತ್ತದೆ.

ಈಗ ಪೆನ್‌ಡ್ರೈವ್‌ಗೆ ಬನ್ನಿ. ಅದರಲ್ಲಿ ಕೀಪಾಸ್ (ಕ್ಲೌಡ್ ಇಲ್ಲದೆ ನಿಮ್ಮ ಬಳಿಯೇ ಒಂದು ಕಡತದಲ್ಲಿ ತಿಜೋರಿ ಇಡುವ ತಂತ್ರಾಂಶ) ಕಡತ ಇಟ್ಟುಕೊಂಡು ನೀವು ಬಸ್ ನಿಲ್ದಾಣದಲ್ಲಿ ಬೀಳಿಸಿದಿರಿ ಎಂದುಕೊಳ್ಳೋಣ. ಸಿಕ್ಕವನ ಕೈಯಲ್ಲಿ ಇರುವುದು ಲಾಸ್ಟ್‌ಪಾಸ್ ಕಳ್ಳರ ಕೈಯಲ್ಲಿದ್ದಂಥದ್ದೇ ವಸ್ತು: ಎನ್‌ಕ್ರಿಪ್ಟ್ ಆದ ಒಂದು ಪ್ರತಿ, ಬೇಕಾದಷ್ಟು ಸಮಯ. ಸೋದರಳಿಯನ ವಾದ ಸೋಲುವುದು ಇಲ್ಲಿ. ಒಂದೇ ಕಡೆ ಲಕ್ಷಾಂತರ ತಿಜೋರಿಗಳು ಸಿಗುವ ಕಂಪನಿಯ ಮೇಲೆ ಪರಿಣತ ಕಳ್ಳರ ಕಣ್ಣಿರುತ್ತದೆ, ನಿಮ್ಮ ಪೆನ್‌ಡ್ರೈವ್ ಮೇಲೆ ಇರುವುದಿಲ್ಲ ಎಂಬುದನ್ನು ಒಪ್ಪುತ್ತೇನೆ; ಅದು ಸಣ್ಣ ಅನುಕೂಲವೇನೂ ಅಲ್ಲ. ಆದರೆ ಎರಡೂ ಕಡೆ ಕೊನೆಗೆ ಕಾಯುವುದು ಮಾಸ್ಟರ್ ಪಾಸ್‌ವರ್ಡ್ ಒಂದೇ. ಅದು ಗಟ್ಟಿಯಿಲ್ಲದಿದ್ದರೆ ತಿಜೋರಿ ಎಲ್ಲಿದ್ದರೂ ಒಂದೇ. ವಿಜಯಪುರದ ಮೂರು ಬೇರೆ ಬೇರೆ ಕಚೇರಿಗಳಲ್ಲಿ ನಾನು ‘ಗೋಲಗುಂಬಜ್@123’ ಎಂಬುದನ್ನೇ ಕಂಡಿದ್ದೇನೆ. ಮೂವರೂ ಅದನ್ನು ತಮ್ಮ ಸ್ವಂತ ಉಪಾಯ ಎಂದೇ ನಂಬಿದ್ದರು.

ಗಟ್ಟಿಯಾದದ್ದು ಎಂದರೆ, ನೀವು ಆರಿಸದೆ ದಾಳ ಆರಿಸಿಕೊಟ್ಟ ಐದಾರು ಪದಗಳು. 7,776 ಪದಗಳ ಸಿದ್ಧಪಟ್ಟಿಗಳು ಸಿಗುತ್ತವೆ. ಐದು ಸಲ ದಾಳ ಉರುಳಿಸಿದರೆ ಒಂದು ಪದ. ಐದು ಪದ ಸೇರಿದರೆ ಸಾಧ್ಯತೆಗಳ ಸಂಖ್ಯೆ 28ರ ಮುಂದೆ ಹದಿನೆಂಟು ಸೊನ್ನೆ ಇಟ್ಟಷ್ಟಾಗುತ್ತದೆ. ಪಟ್ಟಿ ಕನ್ನಡ ಪದಗಳದ್ದಾದರೂ ಅಡ್ಡಿಯಿಲ್ಲ, ಆದರೆ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಕನ್ನಡ ಲಿಪಿಯಲ್ಲೇ ಮಾಸ್ಟರ್ ಪಾಸ್‌ವರ್ಡ್ ಇಟ್ಟುಕೊಂಡು ಸಿಕ್ಕಿಹಾಕಿಕೊಂಡ ಒಬ್ಬ ಶಿಕ್ಷಕರನ್ನು ನಾನು ಬಲ್ಲೆ. ‘ಪಾಸ್‌ವರ್ಡ್’ ಎಂಬ ಪದವನ್ನೇ ನೋಡಿ: ‘ವ’ ಒತ್ತಾಗಿ ಕೆಳಗಿಳಿಯದಂತೆ ‘ಸ್’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಬೇಕು, ಫೋನಿನ ಒಂದು ಕೀಲಿಮಣೆ ಅದನ್ನು ತಾನಾಗಿ ಹಾಕುತ್ತದೆ, ಕಂಪ್ಯೂಟರ್‌ನ ಇನ್ನೊಂದು ಹಾಕುವುದಿಲ್ಲ. ಪರದೆಯ ಮೇಲೆ ಕಾಣುವುದು ಬರೀ ಚುಕ್ಕಿಗಳ ಸಾಲಾದ್ದರಿಂದ ತಪ್ಪಾದದ್ದು ತಿಳಿಯುವುದೂ ಇಲ್ಲ. ಫೋನಿನಲ್ಲಿ ತೆರೆಯುತ್ತಿದ್ದ ತಿಜೋರಿ ಲ್ಯಾಪ್‌ಟಾಪ್‌ನಲ್ಲಿ ತೆರೆಯದೆ ಅವರು ಒಂದು ವಾರ ಪರದಾಡಿದರು.

ಒನ್‌ಪಾಸ್‌ವರ್ಡ್‌ನಂಥ ಸೇವೆ ಇದಕ್ಕೆ ಇನ್ನೊಂದು ದಾರಿ ಹಿಡಿದಿದೆ. ಮಾಸ್ಟರ್ ಪಾಸ್‌ವರ್ಡ್ ಜತೆಗೆ, ನಿಮ್ಮ ಸಾಧನದಲ್ಲೇ ಹುಟ್ಟಿ ಕಂಪನಿಗೆ ಎಂದೂ ತಲುಪದ ಒಂದು ಉದ್ದನೆಯ ರಹಸ್ಯ ಕೀಲಿಯೂ ಸೇರಿದರೆ ಮಾತ್ರ ತಿಜೋರಿ ತೆರೆಯುತ್ತದೆ. ಆದ್ದರಿಂದ ಸರ್ವರ್‌ನಿಂದ ಕದ್ದ ಪ್ರತಿಯ ಮೇಲೆ ಊಹೆ ನಡೆಯುವುದಿಲ್ಲ. ಕೀಪಾಸ್‌ನಲ್ಲಿಯೂ ಕೀಲಿ ಕಡತ ಎಂಬ ಇಂಥದ್ದೇ ಸೌಲಭ್ಯವಿದೆ. ಎರಡರಲ್ಲಿಯೂ ಇರುವ ತೊಂದರೆ ಒಂದೇ: ಆ ಎರಡನೆಯ ಕೀಲಿ ಕಳೆದರೆ ಮಾಸ್ಟರ್ ಪಾಸ್‌ವರ್ಡ್ ಎಷ್ಟೇ ಚೆನ್ನಾಗಿ ನೆನಪಿದ್ದರೂ ಪ್ರಯೋಜನವಿಲ್ಲ.

ಇನ್ನು ನಿಮ್ಮ ಆ ದಿನದ ವಿಷಯ. ಇಂಟರ್‌ನೆಟ್ ಇಲ್ಲದಿದ್ದರೆ ಕ್ಲೌಡ್ ತಿಜೋರಿ ತೆರೆಯುವುದೇ ಇಲ್ಲ ಎಂಬುದು ಬಹಳ ಜನರ ತಪ್ಪು ತಿಳಿವಳಿಕೆ. ಹೆಚ್ಚಿನ ಮ್ಯಾನೇಜರ್‌ಗಳು ಎನ್‌ಕ್ರಿಪ್ಟ್ ಆದ ಪೂರ್ಣ ಪ್ರತಿಯೊಂದನ್ನು ಕಂಪ್ಯೂಟರ್ ಮತ್ತು ಫೋನಿನಲ್ಲೇ ಇಟ್ಟಿರುತ್ತವೆ. ನೆಟ್ ಇಲ್ಲದಾಗ ಹೊಸದನ್ನು ಸೇರಿಸಲು ಆಗದಿರಬಹುದು, ಇದ್ದದ್ದನ್ನು ಓದಲು ಅಡ್ಡಿಯಿಲ್ಲ. ಆದರೆ ಇದಕ್ಕೆ ಎರಡು ಷರತ್ತುಗಳಿವೆ. ನೀವು ಬ್ರೌಸರ್‌ನಲ್ಲಿ ಜಾಲತಾಣದ ಮೂಲಕ ನೋಡದೆ ಅದರ ಆ್ಯಪ್ ಅಥವಾ ಎಕ್ಸ್‌ಟೆನ್ಶನ್ ಹಾಕಿಕೊಂಡಿರಬೇಕು. ಮತ್ತು ಸಂಜೆ ಮನೆಗೆ ಹೋಗುವಾಗ ಲಾಗ್ ಔಟ್ ಮಾಡದೆ ಲಾಕ್ ಮಾತ್ರ ಮಾಡಿರಬೇಕು. ಲಾಕ್ ಮಾಡಿದರೆ ಪ್ರತಿ ಅಲ್ಲೇ ಉಳಿಯುತ್ತದೆ, ಲಾಗ್ ಔಟ್ ಮಾಡಿದರೆ ಅಳಿದುಹೋಗುತ್ತದೆ. ಹೆಚ್ಚು ಸುರಕ್ಷಿತವೆಂದು ದಿನವೂ ಶ್ರದ್ಧೆಯಿಂದ ಲಾಗ್ ಔಟ್ ಮಾಡುವವರೇ ಇಂಥ ದಿನ ಸಿಕ್ಕಿಬೀಳುವುದು. ಈ ಎರಡು ಷರತ್ತುಗಳು ಪೂರೈಸಿದ್ದರೆ, ಅಂದು ನಿಮ್ಮ ಕಚೇರಿಯ ಕಂಪ್ಯೂಟರ್‌ನಲ್ಲೇ ನೆಟ್ ಇಲ್ಲದೆ ತಿಜೋರಿ ತೆರೆದು, ಇ-ಮೇಲ್‌ನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಂಡು ಹೊರಡಬಹುದಿತ್ತು.

ಆದರೂ ಮೂಲ ದೋಷ ಅದಲ್ಲ. ತಿಜೋರಿ ತೆರೆಯಲು ಇ-ಮೇಲ್ ಬೇಕು, ಇ-ಮೇಲ್ ತೆರೆಯಲು ತಿಜೋರಿ ಬೇಕು ಎಂಬ ಗಂಟು ಬಿದ್ದಿತ್ತು, ಮತ್ತು ಆ ಗಂಟನ್ನು ಎರಡು ವರ್ಷ ಕಾಣದಂತೆ ಮುಚ್ಚಿಟ್ಟದ್ದು ನಿಮ್ಮ ಫೋನು. ಫೋನು ಕೈಯಲ್ಲಿರುವವರೆಗೆ ಎಲ್ಲವೂ ತೆರೆಯುತ್ತಲೇ ಇರುತ್ತದೆ; ಅದು ದುರಸ್ತಿಗೆ ಹೋದ ದಿನ ಯಾವುದೂ ತೆರೆಯುವುದಿಲ್ಲ. ಆದ್ದರಿಂದ ತಿಜೋರಿಯ ಮಾಸ್ಟರ್ ಪಾಸ್‌ವರ್ಡ್, ಆ ಇ-ಮೇಲ್‌ನ ಪಾಸ್‌ವರ್ಡ್, ಮತ್ತು ಎರಡರ ರಿಕವರಿ ಕೋಡ್‌ಗಳು (ಬೇರೆ ದಾರಿಯಿಲ್ಲದಾಗ ಒಳಗೆ ಬಿಡುವ ತುರ್ತು ಕೋಡ್‌ಗಳು) ತಿಜೋರಿಯ ಹೊರಗೆ, ಕಾಗದದ ಮೇಲೆ ಇರಲೇಬೇಕು. ಕಾಗದ ಎಂದರೆ ಎಷ್ಟೋ ಜನ ಮುಖ ಸಿಂಡರಿಸುತ್ತಾರೆ. ಲಾಸ್ಟ್‌ಪಾಸ್‌ಗೆ ನುಗ್ಗಿದವರು ವಿಜಯಪುರಕ್ಕೆ ಬಂದು ನಿಮ್ಮ ಮನೆಯ ಕಪಾಟು ತೆರೆಯುವುದಿಲ್ಲ. ಕಪಾಟು ಒಡೆಯುವ ಕಳ್ಳನಿಗೆ ಬೇಕಾದದ್ದು ಆ ಲಕೋಟೆಯಲ್ಲ.

ಕ್ಲೌಡ್‌ನಲ್ಲಿದೆ ಎಂದರೆ ಬ್ಯಾಕಪ್ ಇದೆ ಎಂದೇ ಅರ್ಥ ಎಂಬ ಇನ್ನೊಂದು ನಂಬಿಕೆಯೂ ಇದೆ. ಅಲ್ಲಿ ನಡೆಯುವುದು ಸಿಂಕ್. ನಿಮ್ಮ ಸಹಾಯಕ ಒಂದು ಫೋಲ್ಡರ್ ಅಳಿಸಿದರೆ ಆ ಅಳಿಸುವಿಕೆಯೂ ಅಷ್ಟೇ ನಿಷ್ಠೆಯಿಂದ ಎಲ್ಲ ಸಾಧನಗಳಿಗೂ ತಲುಪುತ್ತದೆ. ಬಿಟ್‌ವಾರ್ಡನ್ ಎಂಬ ಕ್ಲೌಡ್ ಮ್ಯಾನೇಜರ್‌ನಲ್ಲಿ ಅಳಿಸಿದ್ದು 30 ದಿನ ಕಸದ ಬುಟ್ಟಿಯಲ್ಲಿರುತ್ತದೆ, ಆಮೇಲೆ ಇಲ್ಲ. ವರ್ಷಕ್ಕೊಮ್ಮೆ ಬರುವ ಪಾರ್ಟಿಯ ಆದಾಯ ತೆರಿಗೆ ಪಾಸ್‌ವರ್ಡ್ ಕಾಣೆಯಾದದ್ದು ಗೊತ್ತಾಗುವುದು ಮುಂದಿನ ಜುಲೈಗೆ. ಸೇವೆಯೇ ನಿಂತುಹೋಗುವುದೂ ಉಂಟು. ಮೈಕ್ರೋಸಾಫ್ಟ್ ತನ್ನ ಅಥೆಂಟಿಕೇಟರ್ ಆ್ಯಪ್‌ನಲ್ಲಿ ಪಾಸ್‌ವರ್ಡ್ ಇಡುವ ಸೌಲಭ್ಯವನ್ನು 2025ರ ಆಗಸ್ಟ್‌ಗೆ ಮುಗಿಸಿತು. ಮೊದಲೇ ಸೂಚನೆ ಕೊಟ್ಟಿತ್ತು, ಆದರೆ ಸೂಚನೆಗಳನ್ನು ಓದುವವರು ಎಷ್ಟು ಜನ? ಇನ್ನು ಕ್ಲೌಡ್ ಎಂದರೂ ಕೊನೆಗೆ ಅದೊಂದು ಕಟ್ಟಡ. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋದಾಗ, ಬ್ಯಾಕಪ್‌ಗಳೂ ಅದೇ ಆವರಣದಲ್ಲಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು.

ಅದರ ನಮ್ಮ ಕಡೆಯ ರೂಪವನ್ನು ನಾನು 2019ರ ಆಗಸ್ಟ್‌ನ ಪ್ರವಾಹದ ನಂತರ ಮುಧೋಳದಲ್ಲಿ ನೋಡಿದೆ. ಘಟಪ್ರಭೆಯ ನೀರು ಇಳಿದ ಮೇಲೆ ಗೊಬ್ಬರದ ಅಂಗಡಿಯವರೊಬ್ಬರು ಕಂಪ್ಯೂಟರ್ ನೋಡಲು ಕರೆದಿದ್ದರು. ಮೇಜಿನ ಖಾನೆ ಎಳೆದರೆ ಕೆಸರಿನಲ್ಲಿ ಮೂರು ಪೆನ್‌ಡ್ರೈವ್‌ಗಳು, ಮೂರಕ್ಕೂ ಬಿಳಿ ಟೇಪ್ ಅಂಟಿಸಿ ‘ಬ್ಯಾಕಪ್ 1’, ‘2’, ‘3’ ಎಂದು ಚಂದವಾಗಿ ಬರೆದಿದ್ದರು. ಎರಡು ಒಣಗಿದ ಮೇಲೂ ಓದಲಿಲ್ಲ. ಮೂರನೆಯದು ಓದಿತು, ಅದರಲ್ಲಿದ್ದದ್ದು ಮಗಳ ಮದುವೆಯ ಫೋಟೋಗಳು.

ನೀರಿಲ್ಲದಿದ್ದರೂ ಪೆನ್‌ಡ್ರೈವ್ ನಂಬಿಕಸ್ಥ ವಸ್ತುವಲ್ಲ. ಅದು ಮಾಹಿತಿಯನ್ನು ಹಿಡಿದಿಡುವುದು ಸೂಕ್ಷ್ಮ ಕೋಶಗಳಲ್ಲಿ ಸಿಕ್ಕಿಸಿದ ವಿದ್ಯುತ್ ಆವೇಶವಾಗಿ. ವರ್ಷಗಟ್ಟಲೆ ಯಾವ ಯಂತ್ರಕ್ಕೂ ಚುಚ್ಚದೆ ಇಟ್ಟರೆ ಆ ಆವೇಶ ಸೋರುತ್ತದೆ. ಒಳಗಿನ ನಿಯಂತ್ರಕ ಚಿಪ್ ಕೆಡುವುದಂತೂ ಯಾವ ಮುನ್ಸೂಚನೆಯೂ ಇಲ್ಲದೆ. ಸಂತೆಯಲ್ಲಿ ಸಿಗುವ ಅಗ್ಗದವುಗಳಲ್ಲಿ ಮೇಲೆ 128 ಜಿಬಿ ಎಂದು ಬರೆದು ಒಳಗೆ ಅದರ ಕಾಲುಭಾಗವೂ ಇಲ್ಲದವು ಇರುತ್ತವೆ. ತುಂಬಿಸುವಾಗ ತುಂಬಿದಂತೆಯೇ ತೋರಿಸುತ್ತವೆ. ಅದೇ ಪೆನ್‌ಡ್ರೈವನ್ನು ಝೆರಾಕ್ಸ್ ಅಂಗಡಿಯಲ್ಲೂ ಚುಚ್ಚುತ್ತೀರಾದರೆ ಅಲ್ಲಿನ ವೈರಸ್‌ನ ಕತೆ ಹೇಳಬೇಕಾಗಿಲ್ಲ. ಸದಾ ಕಂಪ್ಯೂಟರ್‌ಗೇ ಚುಚ್ಚಿಟ್ಟಿದ್ದರೆ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರ್ ಬಂದ ದಿನ ಅದೂ ಜತೆಗೇ ಹೋಗುತ್ತದೆ.

ಹಾಗಾದರೆ ನಿಮಗೆ ಇರುವ ದಾರಿಗಳು ಯಾವುವು? ಕ್ಲೌಡ್ ಒಂದನ್ನೇ ನಂಬುವುದರ ಫಲ ನೀವೇ ಕಂಡಿದ್ದೀರಿ. ಪೂರ್ತಿ ಸ್ಥಳೀಯವಾಗಿ, ಕೀಪಾಸ್ ಕಡತವನ್ನೇ ಬಳಸುವ ಕೀಪಾಸ್‌ಎಕ್ಸ್‌ಸಿಯಂಥ ಉಚಿತ ತಂತ್ರಾಂಶದಲ್ಲಿ ಇಟ್ಟುಕೊಳ್ಳುವುದು ಒಬ್ಬರೇ ಕೆಲಸ ಮಾಡುವವರಿಗೆ, ಶಿಸ್ತಿರುವವರಿಗೆ ನಿಜಕ್ಕೂ ಒಳ್ಳೆಯ ದಾರಿ. ನನ್ನ ಸ್ವಂತದ್ದು ಹಾಗೆಯೇ ಇದೆ. ಆದರೆ ನಿಮ್ಮಲ್ಲಿ ಮೂವರು ಒಂದೇ ಕಡತವನ್ನು ಮುಟ್ಟುತ್ತೀರಿ. ಇಬ್ಬರು ಎರಡು ಕಂಪ್ಯೂಟರ್‌ಗಳಲ್ಲಿ ಏಕಕಾಲಕ್ಕೆ ತಿದ್ದಿದರೆ ಎರಡು ಪ್ರತಿಗಳಾಗುತ್ತವೆ, ಅವನ್ನು ಕೂಡಿಸುವ ಸೌಲಭ್ಯವಿದ್ದರೂ ಕೂಡಿಸಬೇಕೆಂದು ನೆನಪಾಗಬೇಕಲ್ಲ. ಅದಕ್ಕಿಂತ ಮುಖ್ಯವಾದದ್ದು, ಸಹಾಯಕರೊಬ್ಬರು ಕೆಲಸ ಬಿಟ್ಟು ಹೋದರೆ ಅವರ ಬಳಿ ಉಳಿದ ಹಳೆಯ ಕಡತ ಹಳೆಯ ಮಾಸ್ಟರ್ ಪಾಸ್‌ವರ್ಡ್‌ಗೆ ಎಂದೆಂದಿಗೂ ತೆರೆಯುತ್ತದೆ. ಕ್ಲೌಡ್ ಸೇವೆಯಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಲಾಗಿನ್ ಕೊಟ್ಟು, ಬೇಕಾದ ಪಾರ್ಟಿಗಳನ್ನು ಮಾತ್ರ ಹಂಚಿ, ಹೋದ ದಿನವೇ ಕಿತ್ತುಕೊಳ್ಳಬಹುದು. ಅವರು ಮೊದಲೇ ಬರೆದುಕೊಂಡದ್ದನ್ನು ಯಾವ ತಂತ್ರಾಂಶವೂ ಅಳಿಸಲಾರದು. ಆ ಪಾಸ್‌ವರ್ಡ್‌ಗಳನ್ನು ಬದಲಿಸಲೇಬೇಕು.

ಆದ್ದರಿಂದ ದಿನದ ಕೆಲಸಕ್ಕೆ ಕ್ಲೌಡ್ ಇರಲಿ, ಅದರ ಎನ್‌ಕ್ರಿಪ್ಟ್ ಆದ ಒಂದು ಪ್ರತಿ ತಿಂಗಳಿಗೊಮ್ಮೆ ಆ ಕಂಪನಿಯ ಹಂಗಿಲ್ಲದೆ ತೆರೆಯುವ ರೂಪದಲ್ಲಿ ನಿಮ್ಮ ಬಳಿ ಇರಲಿ ಎಂಬುದು ನನ್ನ ಸಲಹೆ. ‘ಹಂಗಿಲ್ಲದೆ’ ಎಂಬ ಮಾತಿನ ಮೇಲೆ ಒತ್ತು ಕೊಡುತ್ತೇನೆ. ಬಿಟ್‌ವಾರ್ಡನ್‌ನಲ್ಲಿ ಎನ್‌ಕ್ರಿಪ್ಟ್ ಆದ ರಫ್ತು (ಎಕ್ಸ್‌ಪೋರ್ಟ್, ಅಂದರೆ ತಿಜೋರಿಯನ್ನು ಕಡತವಾಗಿ ಹೊರತೆಗೆಯುವುದು) ಎರಡು ಬಗೆಯದು: ಒಂದು ಅದೇ ಖಾತೆಗೆ ಮಾತ್ರ ಮರಳಿ ಸೇರಿಸಬಹುದಾದದ್ದು, ಇನ್ನೊಂದು ನೀವು ಕೊಟ್ಟ ಪಾಸ್‌ವರ್ಡ್‌ನಿಂದ ಎಲ್ಲಿ ಬೇಕಾದರೂ ತೆರೆಯುವಂಥದ್ದು. ಖಾತೆಯೇ ಕೈತಪ್ಪಿದ ದಿನ ಮೊದಲ ಬಗೆಯದು ನಿರುಪಯೋಗಿ, ಎರಡನೆಯದನ್ನೇ ಆರಿಸಿ. ಬಿಟ್‌ವಾರ್ಡನ್ ಮತ್ತು ಒನ್‌ಪಾಸ್‌ವರ್ಡ್‌ನ ರಫ್ತು ಕಡತಗಳನ್ನು ಕೀಪಾಸ್‌ಎಕ್ಸ್‌ಸಿ ಓದುತ್ತದೆ. ಅದರಲ್ಲಿ ತೆರೆದು, ಕೀಪಾಸ್ ಕಡತವಾಗಿ ಉಳಿಸಿ, ಎರಡು ಪೆನ್‌ಡ್ರೈವ್‌ಗಳಿಗೆ ಹಾಕಿ.

ಇಲ್ಲಿ ಅತಿ ದೊಡ್ಡ ಅಪಾಯವೆಂದರೆ ಸಿಎಸ್‌ವಿ ರಫ್ತು. ಅದು ಎನ್‌ಕ್ರಿಪ್ಟ್ ಆಗದ, ಎಕ್ಸೆಲ್‌ನಲ್ಲಿ ತೆರೆದರೆ 140 ಪಾರ್ಟಿಗಳ ಪಾಸ್‌ವರ್ಡ್‌ಗಳೂ ಸಾಲಾಗಿ ಕಾಣುವ ಕಡತ. ಅಂದರೆ ನೀವು ಎರಡು ವರ್ಷಗಳ ಹಿಂದೆ ಬಿಟ್ಟುಬಂದ ಹಾಳೆಯೇ. ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಅದು ತಿಂಗಳುಗಟ್ಟಲೆ ಬಿದ್ದಿರುವುದನ್ನು ನೋಡಿದ್ದೇನೆ. ಡೆಸ್ಕ್‌ಟಾಪ್ ಮೇಲಿಟ್ಟರೆ ಒನ್‌ಡ್ರೈವ್ ಅದನ್ನು ನಿಮಗೆ ಹೇಳದೆಯೇ ಮೇಲಕ್ಕೆ ಕಳುಹಿಸಿರಬಹುದು, ಈಗಿನ ಕಂಪ್ಯೂಟರ್‌ಗಳ ಎಸ್‌ಎಸ್‌ಡಿ ಡಿಸ್ಕ್‌ನಲ್ಲಿ ಅಳಿಸಿದರೂ ಕೂಡಲೇ ನಿಜವಾಗಿ ಅಳಿದಿದೆ ಎಂಬ ಖಾತ್ರಿಯಿಲ್ಲ. ಸಿಎಸ್‌ವಿ ಬಿಟ್ಟರೆ ಬೇರೆ ರೂಪವೇ ಇಲ್ಲದ ಮ್ಯಾನೇಜರ್ ನಿಮ್ಮದಾಗಿದ್ದರೆ, ಮ್ಯಾನೇಜರನ್ನೇ ಬದಲಿಸುವ ಯೋಚನೆ ಮಾಡಿ.

ಒಂದು ಲೆಕ್ಕ ನೀವು ಹಾಕಿದಂತಿಲ್ಲ. ನಿಮ್ಮಲ್ಲಿರುವ ಪಾಸ್‌ವರ್ಡ್‌ಗಳಲ್ಲಿ ಹೆಚ್ಚಿನವು ಕಳೆದುಹೋದರೂ ಮರಳಿ ಸಿಗುವಂಥವು: ಪೋರ್ಟಲ್‌ನಲ್ಲಿ ‘ಮರೆತಿದ್ದೇನೆ’ ಒತ್ತಿ, ಪಾರ್ಟಿಯ ಮೊಬೈಲ್‌ಗೆ ಬಂದ ಒಟಿಪಿ ಕೇಳಿದರೆ ಆಯಿತು. 140 ಜನರಿಗೆ ಫೋನ್ ಮಾಡುವುದು ಮರ್ಯಾದೆಯ ಪ್ರಶ್ನೆ, ಎರಡು ವಾರದ ತಲೆನೋವು, ಆದರೆ ಸರ್ವನಾಶವಲ್ಲ. ಸೋರಿದರೆ ಮಾತ್ರ ನಷ್ಟ ಅವರದು, ಮತ್ತು ಅದು ಒಟಿಪಿಯಿಂದ ಸರಿಹೋಗುವುದಿಲ್ಲ. ಆದ್ದರಿಂದ ನಿಮ್ಮ ವಿಷಯದಲ್ಲಿ ಪ್ರತಿಗಳು ತುಂಬ ಬೇಡ. ಕ್ಲೌಡ್ ಒಂದು, ಪೆನ್‌ಡ್ರೈವ್ ಎರಡು, ಅಷ್ಟೇ. ಮರಳಿ ಸಿಗದಂಥವು ಕೆಲವೇ ಇವೆ. ಡಿಜಿಟಲ್ ಸಿಗ್ನೇಚರ್ ಟೋಕನ್‌ನ ಪಿನ್ ಅವುಗಳಲ್ಲೊಂದು: ಹಲವು ಸಲ ತಪ್ಪಾಗಿ ಹಾಕಿದರೆ ಟೋಕನ್ ಲಾಕ್ ಆಗಿ, ಅಳಿಸಿ ಹೊಸ ಸರ್ಟಿಫಿಕೇಟ್ ಪಡೆಯಬೇಕಾದೀತು. ಇಂಥವನ್ನು ಗುರುತುಮಾಡಿ ಕಾಗದದ ಪಟ್ಟಿಗೂ ಸೇರಿಸಿ.

ಅಷ್ಟೇ ಅಲ್ಲ, ಇಷ್ಟೊಂದು ಪಾಸ್‌ವರ್ಡ್‌ಗಳು ನಿಮ್ಮ ಬಳಿ ಇರಲೇಬೇಕೆ ಎಂದೂ ಕೇಳಿಕೊಳ್ಳಿ. ಇ-ವೇ ಬಿಲ್ ಪೋರ್ಟಲ್‌ನಲ್ಲಿ ಪಾರ್ಟಿಯವರು ತಮ್ಮ ಖಾತೆಯ ಕೆಳಗೆ ನಿಮಗೆ ಉಪ-ಬಳಕೆದಾರರ ಲಾಗಿನ್ ಮಾಡಿಕೊಡಬಹುದು. ನೀವು ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಾಯಿಸಿಕೊಂಡಿದ್ದರೆ, ಅವರು ಪೋರ್ಟಲ್‌ನಲ್ಲೇ ನಿಮ್ಮನ್ನು ನೇಮಿಸಿಕೊಂಡು ನಿಮ್ಮ ಲಾಗಿನ್‌ನಿಂದಲೇ ಕೆಲಸ ನಡೆಯುವಂತೆ ಮಾಡಬಹುದು. ಎಲ್ಲರನ್ನೂ ಒಪ್ಪಿಸುವುದು ಕಷ್ಟ, ಬಲ್ಲೆ; ‘ನೀವೇ ನೋಡಿಕೊಳ್ರೀ, ನಮಗೇನ ತಿಳೀತದ’ ಎಂದು ಚೀಟಿ ಕೈಗಿಟ್ಟು ಹೋಗುವವರೇ ಹೆಚ್ಚು. ಹೊಸ ಪಾರ್ಟಿಗಳಿಂದಾದರೂ ಆರಂಭಿಸಿ.

ಎರಡು ಪೆನ್‌ಡ್ರೈವ್‌ಗಳಲ್ಲಿ ಒಂದು ಮನೆಯಲ್ಲಿರಲಿ, ಇನ್ನೊಂದು ಬೇರೆ ಊರಿನ ನಂಬಿಕೆಯ ನೆಂಟರ ಮನೆಯಲ್ಲೋ ಬ್ಯಾಂಕ್ ಲಾಕರ್‌ನಲ್ಲೋ ಇರಲಿ. ಕಚೇರಿಯಲ್ಲಿ ಯಾವುದೂ ಬೇಡ. ಕಾಗದದ ಲಕೋಟೆ ಪೆನ್‌ಡ್ರೈವ್ ಜತೆಗೆ ಒಂದೇ ಕಡೆ ಇರಬಾರದು, ಎಲ್ಲಿದೆ ಎಂಬುದು ನಿಮ್ಮ ಮನೆಯವರಿಗೆ ಗೊತ್ತಿರಬೇಕು. ನೀವು ಆಸ್ಪತ್ರೆಯಲ್ಲಿರುವ ವಾರವೂ ರಿಟರ್ನ್‌ನ ಕೊನೆಯ ದಿನ ಬರುತ್ತದೆ.

ತಿಂಗಳ ರಿಟರ್ನ್ 20ಕ್ಕೆ ಮುಗಿಯುತ್ತದಲ್ಲ, ಈ ಕೆಲಸಕ್ಕೆ 21ನೇ ತಾರೀಖು ಇಟ್ಟುಕೊಳ್ಳಿ. ರಫ್ತು ಮಾಡಿ ಪೆನ್‌ಡ್ರೈವ್‌ಗೆ ಹಾಕಿದ ಮೇಲೆ ಫೋನ್ ಆಫ್ ಮಾಡಿ, ಮನೆಯ ಲ್ಯಾಪ್‌ಟಾಪ್‌ನ ವೈ-ಫೈ ತೆಗೆದು, ಆ ಕಡತವನ್ನು ತೆರೆದು, ಅಂದು ತಡವಾದ ಹನ್ನೊಂದು ಪಾರ್ಟಿಗಳಲ್ಲಿ ಯಾರಾದರೊಬ್ಬರ ಪಾಸ್‌ವರ್ಡ್ ಕಾಣುತ್ತದೆಯೇ ನೋಡಿ. ಕಂಡರೆ ಆ ತಿಂಗಳ ಬ್ಯಾಕಪ್ ಆಗಿದೆ. ಮೊದಲ ಸಲ ಸೋದರಳಿಯನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೀಪಾಸ್‌ಎಕ್ಸ್‌ಸಿಯ ಕೆಲಸ ಅವನಿಗೆ ನಿಮಗಿಂತ ಬೇಗ ತಿಳಿಯುತ್ತದೆ.